ನೀರಿನ ಚಾವಿ

ರಾತ್ರಿ ಹನ್ನೊಂದೂವರೆ. ಗಾಂಧಿ ಚೌಕಿನಲ್ಲಿ
ಕೊನೆಯ ಗಿರಮಿಟ್ಟಿನ ಗಾಡಿ ಬುಟ್ಟಿ ಮುಚ್ಚುತ್ತಿತ್ತು.
ಮುನ್ನೂರು ರೂಪಾಯಿ, ಒಬ್ಬರಿಗೇ, ಎರಡು ತಾಸು, ನಡಿಗೆ ಮಾತ್ರ:
ಫೋನಿನಲ್ಲಿ ಹೇಳಿದ್ದು ಇಷ್ಟೇ.
ಹೆಸರು ಲಾಡ್ಲೇಸಾಬ ನದಾಫ.
ಕೈಯಲ್ಲಿ ಬ್ಯಾಟರಿ, ಹೆಗಲ ಮೇಲೆ
ಎದೆಮಟ್ಟದ ಕಬ್ಬಿಣದ ಸರಳು, ತುದಿಗೆ ಅಡ್ಡ ಹಿಡಿಕೆ.
'ನಾಯಿಗೋಳಿಗೇನ್ರಿ?' ಅಂದೆ.
'ಅದಕ್ಕೂ ಆಗ್ತದ' ಎಂದ.

ಎಲ್ಲಿಂದ ಬಂದಿರಿ ಎಂದು ಕೇಳಲಿಲ್ಲ.
ಕೇಳಿದ್ದರೆ ಸುಳ್ಳು ತಯಾರಿತ್ತು: ಧಾರವಾಡ.
ಹದಿನಾಲ್ಕು ವರ್ಷದಿಂದ ಈ ವಿಜಯಪುರದ ಸೊಸೆ ನಾನು.
ಹೊತ್ತು ಮುಳುಗಿದ ಮೇಲೆ ಊರೆಂದರೆ
ಸ್ಕೂಟರಿನ ಹಿಂದಿನ ಸೀಟು,
ಒಂದು ಬೆನ್ನಿನ ಆಚೀಚೆ ಸರಿವ ಅರ್ಧರ್ಧ ಗೋಡೆ.
ಮನೆಯವರೆಲ್ಲ ಸಾಂಗಲಿಗೆ, ಮದುವೆಗೆ.
ನನಗೆ ತಲೆನೋವೆಂದು ಎಲ್ಲರಿಗೂ ಗೊತ್ತು.

ಗೋಳಗುಮ್ಮಟದ ಮಾತನ್ನೇ ಎತ್ತಲಿಲ್ಲ ಆಸಾಮಿ.
'ಅದು ಹಗಲಿನವರದ್ದು' ಎಂದು ಆಚೆ ತಿರುಗಿದ.
ಬಾರಾಕಮಾನಿನ ಬೀಗ ಹಾಕಿದ ಗೇಟಿನೆದುರು
ಒಂದು ಗಳಿಗೆ ನಿಂತೆವು. ಕಪ್ಪು ಕಮಾನುಗಳ ನಡುವೆ
ಆಕಾಶ, ಕೊಯ್ದು ಇಟ್ಟ ಹಾಗೆ.
'ಮಾಳಗಿ ಹಾಕೂದ ಮರತಾರ ಅಂತೀರೇನು?
ಚಲೋ ಆತು ಬಿಡ್ರಿ, ಮಳಿನೀರು ನೆಟ್ಟಗ ಇಳೀತದ.'

ಅವನ ಊರಿನಲ್ಲಿ ಸುಲ್ತಾನರಿರಲಿಲ್ಲ, ನೀರಿತ್ತು.
ತೊರವಿಯ ಕಡೆಯಿಂದ ನೆಲದೊಳಗೆ ಬಗ್ಗಿ ನಡೆದು ಬಂದ ನೀರು;
ಅದರ ರಭಸ ಇಳಿಯಲೆಂದು ಕಟ್ಟಿದ ಕಲ್ಲಿನ ಗಂಜು.
ಸೈಕಲ್ ಅಂಗಡಿ, ಕಬಾಡಿ ರಾಶಿಯ ಮಧ್ಯೆ
ನಾನು ದಿನಾ ದಾಟುವ ಆ ಮೊಂಡು ಗೋಪುರವನ್ನು
ಯಾರದೋ ಗೋರಿ ಅಂದುಕೊಂಡಿದ್ದೆ.
'ಕೈ ಇಡ್ರಿ.' ಇಟ್ಟೆ. ಕಲ್ಲು ಇನ್ನೂ ಬೆಚ್ಚಗಿತ್ತು,
ಆಗಷ್ಟೇ ಇಳಿಸಿದ ರೊಟ್ಟಿಹಂಚು.

ತಾಜ್ ಬಾವಡಿಯ ಮುಂದೆ ಬ್ಯಾಟರಿ ಆರಿಸಿದ.
'ಕಣ್ಣಿಲೆ ಅಲ್ಲರಿ, ಮೂಗಿಲೆ ನೋಡ್ರಿ.'
ಪಾಚಿ, ಬಾವಲಿಯ ಹಿಕ್ಕೆ, ಮತ್ತೊಂದು ಹೆಸರಿಲ್ಲದ ತಂಪು,
ಸಣ್ಣವಳಿದ್ದಾಗ ಹಿತ್ತಾಳೆ ಹಂಡೆಯಲ್ಲಿ ತಲೆ ಹಾಕಿ
ನನ್ನ ಹೆಸರು ನಾನೇ ಕೂಗಿಕೊಂಡಾಗಿನ ತಂಪು.

ಮೂವತ್ತೊಂದು ವರ್ಷ ಮುನಸಿಪಾಲ್ಟಿಯ ನೀರು ಬಿಡುವ ಕೆಲಸ.
ಈಗ ನಿವೃತ್ತಿ. 'ಆದರ ಮೈಗೆ ಯಾರು ಹೇಳಬೇಕ್ರಿ?
ಎರಡಕ್ಕ ಎಚ್ಚರ ಆಗೇಬಿಡ್ತದ.'
ಅದಕ್ಕೇ ಈ ನಡಿಗೆ, ಈ ಮುನ್ನೂರು.
ಈ ಸರಳೂ ನಾಯಿಗಲ್ಲ, ವಾಲ್ವಿಗೆ;
ವಾಪಸು ಕೊಡೆಂದು ಯಾರೂ ಕೇಳಲಿಲ್ಲವಂತೆ.

ಮಾತಿಗೆ ಕಿವಿ ಕೊಟ್ಟು ದಾರಿ ಮರೆತಿದ್ದೆ.
ಹಿಟ್ಟಿನ ಗಿರಣಿ, ಒಡೆದ ಕಟ್ಟೆ, ಬೇವಿನ ಮರ.
ಎದೆ ಧಸಕ್ಕೆಂದಿತು: ನಮ್ಮದೇ ಓಣಿ.
ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ.

ಅವನು ಬಗ್ಗಿ ತಗಡಿನ ಮುಚ್ಚಳ ಸರಿಸಿದ.
ಸರಳು ಇಳಿಸಿದ; ಕಟ್ ಎಂದು ಕೂತಿತು. ತಿರುವಲಿಲ್ಲ.
'ಈ ಓಣಿಗೆ ವಾರಕ್ಕೊಮ್ಮೆ, ಮೂರಕ್ಕ ಬಿಡ್ತಿದ್ದೆ.
ನಲವತ್ತು ಮಿನಿಟಂತ ರೂಲು.
ಆ ನೀಲಿ ಬಾಗಲದ ಮನಿ ನೋಡ್ರಿ,
ಒಬ್ಬಾಕಿ ಕೊಡಾ ತುಂಬಕೋತ ಗುನುಗತಿದ್ಲು.
ಯಾರೋ ಏನೋ, ಮಾರಿ ನೋಡಿಲ್ಲ ನಾ.
ಹಾಡು ಮುಗಿಯೂಮಟಾ ಬಂದ್ ಮಾಡ್ತಿದ್ದಿಲ್ಲ.
ಒಮ್ಮೊಮ್ಮೆ ತಾಸಾಗ್ತಿತ್ತು. ಸಾಹೇಬರ ಕಡೆ ಬೈಸಿಕೊಂಡೀನಿ ಅದಕ್ಕ.'

ಅತ್ತೆ ಏಳದಂತೆ
ಹಲ್ಲಿನ ಹಿಂದೆ ಹಾಡಿದ್ದು.
ನನಗೇ ಸರಿಯಾಗಿ ಕೇಳಿಸದ್ದು.

ನೀಲಿ ಬಾಗಿಲಿನ ಚಾವಿ ನನ್ನ ಮುಷ್ಟಿಯಲ್ಲಿ ಬೆವರುತ್ತಿತ್ತು.
'ಈಗ?' ಅಂದೆ.
'ಈಗೇನ್ರಿ, ಹೊಸಾ ಪೈಪು. ಬೇಕಾದಾಗ ನೀರು.
ಯಾರೂ ಏಳೂದಿಲ್ಲ.'

ಮುಚ್ಚಳ ಎಳೆದು ಕಾಲಿನಿಂದ ಒತ್ತಿದ.
ಇಲ್ಲೇ ಉಳಿಯುತ್ತೇನೆ ಎನ್ನಲಿಲ್ಲ ನಾನು.
ಪರಊರಿನವಳ ಹಾಗೆ ನನ್ನ ಮನೆಯನ್ನು ದಾಟಿ ನಡೆದೆ,
ಮುಂದಿನ ವಾಲ್ವು ಎಲ್ಲಿ, ಅಲ್ಲಿ ಯಾರಿಗಾಗಿ
ಎಷ್ಟು ಹೊತ್ತು ನಿಲ್ಲುತ್ತಿದ್ದಿರಿ ಎಂದು ಕೇಳುತ್ತ.
ಇನ್ನೂ ಅರ್ಧ ತಾಸಿತ್ತು,
ಅದರ ದುಡ್ಡೂ ಕೊಟ್ಟಿದ್ದೆ.