ತೊಂಬತ್ತೆರಡು ಕಾಯಿ

ಒಂದು ಕಾಯಿಯ ಮಸಾಲೆ ಕಡೆದುಕೊಟ್ಟರೆ ಇಪ್ಪತ್ತೈದು.
ಮೆಣಸು ನನ್ನದಾದರೆ ಬೇರೆ ಲೆಕ್ಕ.
ಕುಲಶೇಖರದ ಇಳಿಜಾರಿನಲ್ಲಿ, ಸೈಕಲ್ ಶಾಪಿನ ಬದಿಗೆ,
ಎಂಟಡಿ ಹತ್ತಡಿ ಕೋಣೆ, ಒಂದೂವರೆ ಎಚ್‌ಪಿ ಮೋಟಾರು.
ಕೆಲಸ ಸುರುವಾಗಿ ಮೂರು ವಾರ, ನೋಟೀಸು ಬಂತು.
ಪರವಾನಿಗೆ ಇಲ್ಲದೆ ಉದ್ದಿಮೆ ಎಂದಿತ್ತು ಅದರಲ್ಲಿ.
ಉದ್ದಿಮೆ!
ಅಮ್ಮ ಇದನ್ನೇ ನಲವತ್ತು ವರ್ಷ
ಊರವರ ಹಿತ್ತಿಲ ಕಲ್ಲುಗಳಲ್ಲಿ ಮಾಡಿದ್ದಳು,
ಯಾರೂ ಹಾಗೆ ಕರೆದಿರಲಿಲ್ಲ.

ಲಾಲ್‌ಬಾಗಿನಲ್ಲಿ ಬಸ್ಸಿಳಿದು ಪಾಲಿಕೆಯ ಮೆಟ್ಟಿಲು ಹತ್ತಿದೆ.
ಕೌಂಟರಿನ ವಾಮನ ಗಟ್ಟಿಯವರು
ಕನ್ನಡಕ ಹಣೆಗೇರಿಸಿ ಪಟ್ಟಿ ನೋಡಿದರು:
ಹಿಟ್ಟಿನ ಗಿರಣಿ ಉಂಟು, ಬೇಕರಿ ಉಂಟು,
ಟಯರಿಗೆ ಗಾಳಿ ಹಾಕುವುದು ಕೂಡ ಉಂಟು.
"ಮೀನಿನ ಗಸಿಗೆ ಕಡೆಯುವುದು
ಎಲ್ಲಿಗೆ ಬರ್ತದೆ ಬಾಯಮ್ಮ?"
ಊಟಕ್ಕೆ, ಎಂದೆ.
ಅವರು ನಗಲಿಲ್ಲ. ಸ್ವಲ್ಪ ಕಳೆದು ನಕ್ಕರು.
"ಇತರೆ" ಎಂಬಲ್ಲಿ ಒತ್ತಿದರು.

ಫೋಟೋ ಎರಡು. ಆಧಾರ್. ಕರೆಂಟ್ ಬಿಲ್ಲು.
ಬಾಡಿಗೆ ಕರಾರು, ಛಾಪಾ ಕಾಗದದಲ್ಲಿ.
ಕಟ್ಟಡದ ತೆರಿಗೆ ರಶೀದಿ. ಅಲ್ಲಿ ಸಿಕ್ಕಿಬಿದ್ದೆ.
ಧಣಿ ಮೊಯ್ದಿನಬ್ಬ ಎರಡು ವರ್ಷದಿಂದ ಕಟ್ಟಿರಲಿಲ್ಲ.
ಮನೆಗೆ ಹೋದರೆ ಸುಲೈಮಾನಿ ಕೊಟ್ಟರು,
ಮೊಣಕಾಲಿನ ಕತೆ ಹೇಳಿದರು,
"ನನ್ನ ತೆರಿಗೆಯ ಬಾಲಕ್ಕೆ
ನಿನ್ನ ಮೆಣಸನ್ನು ಯಾಕೆ ಕಟ್ಟುದು ಅವರು?" ಎಂದರು.
ಅದಕ್ಕೆ ನನ್ನಲ್ಲೂ ಉತ್ತರ ಇರಲಿಲ್ಲ.
ಮೂರು ತಿಂಗಳ ಬಾಡಿಗೆ ಮುಂಗಡ ಎಣಿಸಿ ಇಟ್ಟೆ.
ಅದನ್ನೇ ಒಯ್ದು ಕಟ್ಟಿಬಂದರು,
ಕುಂಟುತ್ತಾ, ಪಾಲಿಕೆಗೂ ನನಗೂ ಒಟ್ಟಿಗೆ ಬೈಯುತ್ತಾ.

ತಪಾಸಣೆಗೆ ಬರುತ್ತಾರೆ ಎಂದಾಗ
ಸೈಕಲ್ ಶಾಪಿನ ಲಿಗೋರಿ ಕಿವಿಯಲ್ಲಿ ಹೇಳಿದ,
ಒಂದು ಕವರು ಇಟ್ಟುಕೋ, ಯಾವುದಕ್ಕೂ.
ಇಟ್ಟುಕೊಂಡೆ, ಕೊತ್ತಂಬರಿ ಡಬ್ಬದ ಹಿಂದೆ.
ಬಂದದ್ದು ಇಪ್ಪತ್ತೈದರ ಹುಡುಗಿ,
ಟೇಪು ಹಿಡಿದು ಅಳೆದಳು, ಚರಂಡಿಗೆ ಬಗ್ಗಿದಳು,
ಎರಡು ಸಲ ಸೀನಿದಳು.
ಮತ್ತೆ ಗೋಣಿಗೆ ಕೈಹಾಕಿ ಒಂದು ಮೆಣಸೆತ್ತಿ
ಬಾಗಿಲ ಬೆಳಕಿಗೆ ಹಿಡಿದು, ತಿರುಗಿಸಿ,
"ಇದು ನಮ್ಮ ಕಡೀದು ರೀ" ಎಂದಳು.
ಬ್ಯಾಡಗಿಯ ಹತ್ತಿರ ಅವಳ ಊರಂತೆ,
ಅಪ್ಪ ಅಲ್ಲಿಯ ಮಾರುಕಟ್ಟೆಯಲ್ಲಿ ಹಮಾಲಿಯಂತೆ.
ಅವನು ಹೊತ್ತ ಚೀಲ ಇದೇ ಇರಬಹುದು.
ಇರಲಿಕ್ಕಿಲ್ಲ.
"ಚರಂಡಿಗೊಂದು ಜಾಲರಿ ಹಾಕಿಸ್ರಿ" ಎಂದು ಸಹಿ ಹಾಕಿದಳು.
ಜಾಲರಿಯ ದುಡ್ಡು ಕವರಿನಿಂದಲೇ ಕೊಟ್ಟೆ.

ಶುಲ್ಕ ಸಾವಿರದ ಐನೂರು. ಕಸಕ್ಕೆ ಆರುನೂರು.
ಅದಕ್ಕೆ ಇದಕ್ಕೆ ಇನ್ನೂರು.
ಚಲನ್ ಹಿಡಿದು ಬ್ಯಾಂಕಿನ ಸಾಲಿನಲ್ಲಿ ನಿಂತು ಭಾಗಿಸಿದೆ:
ತೊಂಬತ್ತೆರಡು ಕಾಯಿ.
ನನ್ನ ನೋಟು ಎಣಿಸಿದ ಹುಡುಗ ಕಣ್ಣುಜ್ಜಿಕೊಂಡ,
ಮತ್ತೂ ಉಜ್ಜಿಕೊಂಡ.
ಮೊದಲೇ ಹೇಳಬೇಕಿತ್ತು ಅವನಿಗೆ.

ಫೆಬ್ರವರಿ ಇಪ್ಪತ್ತನಾಲ್ಕಕ್ಕೆ ಕೈಗೆ ಬಂತು.
ಸೆವ್ರಿನ್ ಲೋಬೊ, ಹೆಸರು ಸರಿಯಾಗಿತ್ತು.
ಅವಧಿ: ಮಾರ್ಚ್ ಮೂವತ್ತೊಂದರವರೆಗೆ.
ಯಾವ ಮಾರ್ಚ್? ಎಂದೆ. ಈ ಬರುವುದಾ?
ಗಟ್ಟಿಯವರು ಕನ್ನಡಕ ಇಳಿಸಿದರು.
"ಸರಕಾರದ ವರ್ಷ ಹುಟ್ಟುದು ಏಪ್ರಿಲಿಗೆ ಬಾಯಮ್ಮ,
ನೀವು ಬಂದದ್ದು ತಡ."
ಮೂವತ್ತೈದು ದಿನ. ಮತ್ತೆ ಇದೇ ಸಾಲು,
ಇದೇ ಇತರೆ.

ಎದ್ದುಕಾಣುವ ಸ್ಥಳದಲ್ಲಿ ಪ್ರದರ್ಶಿಸತಕ್ಕದ್ದು ಎಂದು ಬರೆದಿದೆ.
ಎಂಟಡಿ ಹತ್ತಡಿಯಲ್ಲಿ ಎದ್ದುಕಾಣದ ಸ್ಥಳ ಯಾವುದು?
ಸ್ವಿಚ್ಚಿನ ಮೇಲೆ ಮೊಳೆ ಹೊಡೆದೆ.
ಮೇಲಿನ ಮನೆಯ ಜಲಜಕ್ಕ ಪಾತ್ರೆ ಇಟ್ಟು
ಕತ್ತೆತ್ತಿ ನಿಧಾನ ಓದಿದಳು,
"ಹಾಗಾದ್ರೆ ಇಷ್ಟು ದಿನ
ನಾವು ತಿಂದದ್ದು ಕಳ್ಳ ಮಸಾಲೆಯಾ ಮಾರಾಯ್ತಿ?"

ಅವಳದ್ದು ಒಂದೂವರೆ ಕಾಯಿ, ಬಂಗುಡೆಗೆ,
ಹುಳಿ ಸ್ವಲ್ಪ ಮುಂದೆ.
ಸ್ವಿಚ್ಚು ಒತ್ತಿದೆ.
ಇನ್ನು ತೊಂಬತ್ತೂವರೆ.