ನಾಲ್ಕು ಪೀಸು ಕಡಿಮೆ

ಬಳ್ಳಾರಿ ಕೌಲ್ ಬಜಾರಿನ ನಮ್ಮ ಓಣಿಯಲ್ಲಿ
ಇದು ಯಾರ ಮನೆಯ ಕಸ ಎಂದು ಬಣ್ಣ ನೋಡಿ ಹೇಳುವಂತಿಲ್ಲ.
ಎಲ್ಲರ ಹೊಸ್ತಿಲಿಂದಲೂ ನೀಲಿ ನೂಲೇ ಹಾರುತ್ತದೆ.
ಸಾರಿನಲ್ಲಿ ಸಿಕ್ಕರೆ ತೆಗೆದಿಟ್ಟು ಉಣ್ಣುತ್ತೇವೆ.
ಚಿಕ್ಕವ ನತಾನ ಒಮ್ಮೆ ನನ್ನ ಅಂಗೈ ಮೂಸಿ ಕೇಳಿದ:
"ಅಪ್ಪಾ, ದೇವ್ರು ಆಕಾಶ ಮಾಡಿದ ಮ್ಯಾಲೆ
ಕೈ ಎದ್ರಾಗ ತೊಳಕಂಡ?"
"ಉಣ್ಣು" ಅಂದೆ.
ನನಗೆ ತಿಳಿಯದ ಪ್ರಶ್ನೆಗೆಲ್ಲ ಅದೇ ಉತ್ತರ.

ಮೊನ್ನೆ ಶುಕ್ರವಾರ
ಇಪ್ಪತ್ತೈದರ ಕಟ್ಟು ಬಿಚ್ಚಿ ಎಣಿಸಿದರೆ
ಹಿಂದಿನ ಜೇಬು ನಾಲ್ಕು ಕಡಿಮೆ.
ಮತ್ತೊಮ್ಮೆ ಎಣಿಸಿದೆ. ಸುವಾರ್ತ ಎಣಿಸಿದಳು.
ಮಂಚದಡಿ ನನ್ನ ದೊಡ್ಡ ಕತ್ತರಿ, ಅದರ ಪಕ್ಕ
ಎಂಟು ವರ್ಷದ ಎಫ್ರಾಯಿಮ.
ಸೇಠು ಹಿಡಿಯುವ ದುಡ್ಡಿನ ಲೆಕ್ಕ
ತಲೆಗಿಂತ ಮೊದಲು ಕೈಗೆ ಹೋಯಿತು.
ಒಂದೇ ಏಟು. ಆದರೆ
ಹದಿನಾರು ವರ್ಷ ಜೀನ್ಸು ಕೊಯ್ದ ಕೈ.
ಅವನು ಅಳಲಿಲ್ಲ. ಅತ್ತವನು ನತಾನ.
ಅಳುತ್ತಲೇ ಟ್ರಂಕಿನ ಹಿಂದಿಂದ ಎಳೆದು ತಂದ,
ಒಂದು ಅಂಗಿ.

ಅಂಗಿ ಅನ್ನಬಹುದೋ ಏನೋ.
ಕಡುನೀಲಿ, ತೊಳೆದ ನೀಲಿ, ಕಲ್ಲುಜ್ಜಿದ ಬೂದಿ, ಕಪ್ಪು,
ಚಿಂದಿಗೆ ಚಿಂದಿ ಸ್ಟೇಪ್ಲರ್ ಪಿನ್ನು ಹೊಡೆದು ಕೂಡಿಸಿದ್ದು;
ಎದೆಯ ಮೇಲೆ ಸಾಲಾಗಿ ನಾಲ್ಕು ಹೊಸ ಜೇಬು.
ಸಂಡೇ ಸ್ಕೂಲಿನ ನಾಟಕದಲ್ಲಿ ನತಾನ ಯೋಸೇಫ.
"ಟೀಚರು ಬಣ್ಣಬಣ್ಣದ ಅಂಗಿ ತರಾಕ ಹೇಳ್ಯಾರ.
ನಮ್ಮನ್ಯಾಗ ಇರೋ ಬಣ್ಣ ಇವೇ ಅಲ್ಲಾ"
ಎಂದ ಎಫ್ರಾಯಿಮ, ಕೆನ್ನೆ ಮುಟ್ಟಿಕೊಳ್ಳದೆ.

ಆ ಕಥೆ ನಾನೇ ಹೇಳಿದ್ದು, ಎಷ್ಟೋ ಸಲ, ಕರೆಂಟು ಹೋದಾಗ.
ಅಣ್ಣಂದಿರ ಹೊಟ್ಟೆಕಿಚ್ಚು, ಗುಂಡಿ, ಇಪ್ಪತ್ತು ಬೆಳ್ಳಿ ನಾಣ್ಯ.
ಒಬ್ಬನಿಗೇ ಅಂಗಿ ಹೊಲಿಸಿದ ಅಪ್ಪನ ತಪ್ಪನ್ನು ಮಾತ್ರ
ಗಂಟಲಲ್ಲೇ ನುಂಗಿ ಮುಂದೆ ಹೋಗುತ್ತಿದ್ದೆ.
ಈಗ ನೋಡಿದರೆ ಅಂಗಿ ಅಣ್ಣನೇ ಮಾಡಿದ್ದಾನೆ,
ಬಡಿದವನು ಅಪ್ಪ.

ರಾತ್ರಿ ಪ್ರಾರ್ಥನೆಗೆ ಕುಳಿತೆವು.
"ನಮಗೆ ತಪ್ಪು ಮಾಡಿದವರನ್ನು..."
ಅಲ್ಲಿ ಒಂದು ದನಿ ಕಡಿಮೆಯಾಯಿತು.
ಎಣಿಸುವುದು ನನ್ನ ಕಸುಬು, ಗೊತ್ತಾಗುತ್ತದೆ.
ನಾನೂ ಅಲ್ಲಿಗೇ ನಿಂತೆ.
ಸುವಾರ್ತ ಒಬ್ಬಳೇ ಆ ಸಾಲು ದಾಟಿ
ಆಮೆನ್ ತನಕ ಹೋದಳು.
ನತಾನ ಆಗಲೇ ಅಂಗಿ ತೊಟ್ಟೇ ನಿದ್ದೆ ಹೋಗಿದ್ದ,
ಮಗ್ಗುಲಾದಾಗೊಮ್ಮೆ ಪಿನ್ನು ಚುಚ್ಚಿ ಸ್ಸ್ ಎನ್ನುತ್ತ.

ಎರಡೂವರೆಗೆ ನಲ್ಲಿ ಕೆಮ್ಮಿತು, ಹನ್ನೊಂದನೇ ದಿನಕ್ಕೆ.
ಡ್ರಮ್ಮು, ಕೊಡ, ಬಕೀಟು, ಕೊನೆಗೆ ಟಿಫಿನ್ ಡಬ್ಬಿ ಕೂಡ.
ಕರೆಯದೆಯೇ ಎದ್ದು ಬಂದ ಎಫ್ರಾಯಿಮ
ಪೈಪಿನ ತುದಿ ಹಿಡಿದ.
ಕ್ಷಮಿಸು ಮಗನೇ ಎಂಬುದು ಚರ್ಚಿನ ಕನ್ನಡ;
ನಮ್ಮ ಓಣಿಯ ಅಪ್ಪಂದಿರು ಅದನ್ನು ಆಡಿದ್ದು ಕೇಳಿಲ್ಲ.
ನನ್ನ ಬಾಯಿಗೆ ಬಂದದ್ದು "ನೆಟ್ಟಗ ಹಿಡಿ."
ನೆಟ್ಟಗೆ ಹಿಡಿದ.
ಸ್ವಲ್ಪ ಹೊತ್ತಿಗೆ ಅಂದೆ: "ಜೇಬು ಚಲೋ ಹಚ್ಚೀಯ."
"ಒಂದು ಸೊಟ್ಟ ಐತಿ."
"ಹೂಂ, ಎಡಕಿಂದು."
ಡ್ರಮ್ಮು ತುಂಬಿ ಇಬ್ಬರ ಕಾಲ ಮೇಲೂ ಚೆಲ್ಲಿತು.
ಆಗ ಹೇಳಿದೆ, ನೀರಿನ ಸದ್ದಿನೊಳಗೆ, ತಗ್ಗಿದ ದನಿಯಲ್ಲಿ.
ಕೇಳಿಸಿತೋ ಇಲ್ಲವೋ.
ಅವನು ಬಕೀಟು ಬದಲಿಸಿದ.

ಮುಂಜಾನೆ ಸೇಠನ ಪುಸ್ತಕದಲ್ಲಿ
ನಾಲ್ಕು ಪೀಸು ನನ್ನ ಹೆಸರಿಗೆ ಬರೆಸಿದೆ.
ಏನಾಯ್ತು ಎಂದ. ಕೈ ತಪ್ಪಿತು ಅಂದೆ.

ಭಾನುವಾರ, ಅಣ್ಣಂದಿರು ಅಂಗಿ ಬಿಚ್ಚಲು ಬಂದಾಗ
ನಮ್ಮ ಯೋಸೇಫ ಬಿಚ್ಚಗೊಡಲಿಲ್ಲ.
ಯೂದನ ಮೊಣಕೈ ಕಚ್ಚಿದ.
ಗುಂಡಿಗೆ, ಅಂದರೆ ಅಡ್ಡ ಹಾಕಿದ್ದ ಬೆಂಚಿನ ಹಿಂದಕ್ಕೆ,
ಅಂಗಿ ಸಮೇತ ತಾನೇ ಇಳಿದ.
ಪಾಸ್ಟರಮ್ಮ ಹಣೆ ಹಿಡಿದುಕೊಂಡರು.
ಮೇಕೆಯ ರಕ್ತವೆಂದು ಕಲಸಿಟ್ಟ ಕುಂಕುಮದ ನೀರು
ಬಟ್ಟಲಲ್ಲೇ ಉಳಿಯಿತು. ಕಥೆ ಅಲ್ಲಿಗೆ ನಿಂತಿತು.
ಪರದೆ ಎಳೆಯುವ ಕೆಲಸ ಎಫ್ರಾಯಿಮನದು.
ಹಗ್ಗ ಹಿಡಿದು, ಎಳೆಯದೆ, ನನ್ನ ಕಡೆ ನೋಡಿದ,
ಏನ್ ಮಾಡ್ಲಿ ಎನ್ನುವಂತೆ.
ನನಗೂ ಗೊತ್ತಿರಲಿಲ್ಲ.
ಇರಲಿ ಬಿಡು ಎಂದು ನೀಲಿ ಕೈ ಎತ್ತಿದೆ.
ಬೆಚ್ಚಲಿಲ್ಲ. ಅಷ್ಟು ನೋಡಿಕೊಂಡೆ.