ಭಾರ ಸೇರಿಸಿದ ಮೇಲೆ

ಜೂನ್ ಬಂತೆಂದರೆ ನಮ್ಮ ಪ್ರಯೋಗಶಾಲೆಯ ಉಪ್ಪೆಲ್ಲ ಅಳುಬುರುಕ.
ಪೊಟ್ಯಾಸಿಯಂ ಬ್ರೋಮೈಡಿನ ಬಿಲ್ಲೆ
ಅಚ್ಚಿನಿಂದ ಗಾಜಿನಂತೆ ಹೊರಬಂದು
ಹತ್ತು ಎಣಿಸುವಷ್ಟರಲ್ಲಿ ಮಂಜುಗಣ್ಣು.
ಅದಕ್ಕೇ ಪುರ್ಸು ತಾಂಡೇಲ
ಹಳೆಯ ಕಪಾಟಿನೊಳಗೆ ಅರವತ್ತು ವ್ಯಾಟಿನ ಬಲ್ಬು ಕಟ್ಟಿ
ಕೋಳಿಮರಿ ಸಾಕಿದ ಹಾಗೆ ಉಪ್ಪು ಸಾಕುತ್ತಾನೆ.

ಈ ಯಂತ್ರ ಮಾಡುವುದೇನು ಎಂದು ಅವನೊಮ್ಮೆ ಕೇಳಿದ್ದ.
ಬಿಗಿ ಅಳೆಯುತ್ತದೆ, ಅಂದೆ.
ಎರಡು ಪರಮಾಣುಗಳ ನಡುವಿನ ಕಟ್ಟು
ಎಷ್ಟು ಗಟ್ಟಿ, ಎಷ್ಟು ಸಡಿಲ.
"ಎಳದು ನೋಡ್ತದಾ?"
ಇಲ್ಲ. ಕಣ್ಣಿಗೆ ಕಾಣದ ಬೆಳಕು ಬಿಡುತ್ತದೆ,
ಸಾವಿರ ತಾಳ ಒಟ್ಟಿಗೆ.
ತನ್ನ ತೂಗಾಟಕ್ಕೆ ಕೂಡುವ ತಾಳವನ್ನಷ್ಟೇ
ಕಟ್ಟು ಎತ್ತಿಕೊಳ್ಳುತ್ತದೆ.
ಎತ್ತಿಕೊಂಡ ಕಡೆ ಕಾಗದದ ಮೇಲೊಂದು ತಗ್ಗು.
ಇಲ್ಲಿ ಶಿಖರಗಳು ಕೆಳಮುಖವಾಗಿ ಬೆಳೆಯುತ್ತವೆ,
ಕಾಳಿಯ ನೀರಲ್ಲಿ ಬಿದ್ದ ಗುಡ್ಡದ ಹಾಗೆ.

ಅವನು ತಲೆಯಾಡಿಸಿದ, ಒಪ್ಪಿದನೋ ಬಿಟ್ಟನೋ.
ಬೈತಖೋಲದ ಬಂದರದಲ್ಲಿ
ಲಂಗರಿನ ಹಗ್ಗಕ್ಕೆ ಹೆಬ್ಬೆರಳು ಮೀಟಿ
ಈ ರಾತ್ರಿ ನಿದ್ದೆ ಮಾಡಬಹುದೋ ಇಲ್ಲವೋ
ಹೇಳುವ ಮನೆತನ ಅವನದು.

ಮಕ್ಕಳಿಗೆ ಸ್ಪ್ರಿಂಗು ಎಂದು ಕಲಿಸುತ್ತೇನೆ. ಸಣ್ಣ ಸುಳ್ಳು.
ಲೆಕ್ಕದ ಸ್ಪ್ರಿಂಗು ಎಷ್ಟು ಎಳೆದರೂ ಮರಳುತ್ತದೆ,
ಕಟ್ಟು ಒಂದು ಹಂತದಾಚೆ ಕಡಿದುಹೋಗುತ್ತದೆ.
ಅದು ಮುಂದಿನ ಅಧ್ಯಾಯ.
ಅಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ.

ಈ ಸಲ ತರಿಸಿದ್ದು ಭಾರಜಲ, ಹತ್ತು ಮಿಲಿ.
ಗುಡ್ಡದಾಚೆ ಕೈಗಾದಲ್ಲಿ ಟನ್ನುಗಟ್ಟಲೆ ಇರುವುದು
ನಮಗೆ ಮುಂಬಯಿಯಿಂದ, ಬೆರಳುದ್ದದ ಸೀಸೆಯಲ್ಲಿ,
ಮೂರು ಸಹಿ ಹಾಕಿಸಿಕೊಂಡು.
ನೀರಿಗೆ ಉಪ್ಪಿನ ಕಿಟಕಿ ಆಗದು, ಕರಗುತ್ತದೆ;
ಕ್ಯಾಲ್ಸಿಯಂ ಫ್ಲೋರೈಡಿನ ಎರಡು ಬಿಲ್ಲೆಗಳ ನಡುವೆ
ಒಂದೇ ಹನಿ.

ಮೊದಲು ಮಾಮೂಲಿ ನೀರು:
ಮೂವತ್ತನಾಲ್ಕು ನೂರರಲ್ಲಿ ಅಗಲವಾದ ಹಳ್ಳ.
ಆಮೇಲೆ ಭಾರಜಲ:
ಹಳ್ಳ ಜರುಗಿ ಜರುಗಿ ಇಪ್ಪತ್ತೈದು ನೂರಕ್ಕೆ ಬಂದು ಕೂತಿತು.
ಎರಡನೇ ಬೆಂಚಿನ ಜುಲೇಖಾ ಕೂಗಿದಳು,
ಮ್ಯಾಡಂ, ಬಂಧ ಸಡಿಲಾಗಿದೆ!
ಅವಳ ವಯಸ್ಸಲ್ಲಿ ನಾನೂ ಹಾಗೇ ಬರೆದಿದ್ದೆ.
ಲೆಕ್ಕ ಹಾಕು, ಅಂದೆ. ಭಾರ ಸೇರಿಸಿ.
ಗೀಚಿದಳು, ಒರೆಸಿದಳು, ಮತ್ತೆ ಗೀಚಿದಳು.
ಮೀಟರಿಗೆ ಆರುನೂರ ನಲವತ್ತಾರು ನ್ಯೂಟನ್ ಇದಕ್ಕೆ,
ಅದಕ್ಕೆ ಆರುನೂರ ಅರವತ್ತು.
ನಡುವಿನ ಹದಿನಾಲ್ಕು,
ಹಳ್ಳದ ತಳ ಹುಡುಕಿದ ನಮ್ಮ ಕಣ್ಣಿನದು.
ಕಟ್ಟು ಅದೇ.
ತುದಿಗಿದ್ದ ಹೈಡ್ರೋಜನ್
ಎರಡರಷ್ಟು ತೂಗುತ್ತಿದೆ, ಅಷ್ಟೆ.

ಬಾಗಿಲಲ್ಲಿ ನಿಂತ ಪುರ್ಸು ನಕ್ಕ:
"ಖಾಲಿ ದೋಣಿ ಬೇಗ ಬೇಗ ಜಗ್ತದೆ ಅಕ್ಕೋರೆ,
ಬಂಗಡೆ ತುಂಬಿದ್ದು ಸಾವಕಾಶ.
ಹಗ್ಗ ಒಂದೇಯ.
ಇದಕ್ಕೆ ಮುಂಬಯಿಂದ ನೀರು ತರಸ್ಬೇಕಿತ್ತಾ?"

ಆ ಸಂಜೆ ಕೋಡಿಬಾಗದ ಬಸ್ಸಿನಲ್ಲಿ ಸರಳು ಹಿಡಿದು ನಿಂತಾಗ
ಹಳಿಯಾಳದ ಅಕ್ಕ ನೆನಪಾದಳು.
ಮೊದಲೆಲ್ಲ ದಿನಕ್ಕೆರಡು ಸಲ ಫೋನು,
ಸಾರಿಗೆ ಹುಳಿ ಹೆಚ್ಚಾದದ್ದಕ್ಕೂ.
ಹುಡುಗನಿಗೆ ಮಾತು ಬರುವುದಿಲ್ಲವೆಂದು ತಿಳಿದ ಮೇಲೆ
ತಿಂಗಳಿಗೊಂದು, ಅದೂ ಅರ್ಧ.
ನಾನು ಬರೆದಿಟ್ಟುಕೊಂಡಿದ್ದೆ: ಸಡಿಲ.
ಬರೀ ತಾಳ ನೋಡಿ ಬರೆದದ್ದು.

ಮರುದಿನ ಎಂದಿನಂತೆ ಮೊದಲು
ಖಾಲಿ ಗಾಳಿಯ ಗೆರೆ ತೆಗೆದೆ.
ಇಪ್ಪತ್ಮೂರು ನೂರ ಐವತ್ತರ ಹತ್ತಿರ ಜೋಡಿ ತಗ್ಗು,
ಮುಚ್ಚಳದ ಮೇಲೆ ಬಾಗಿದ್ದವರ ಉಸಿರು.
ಜುಲೇಖಾಳದೋ, ನನ್ನದೋ.
ಅದನ್ನು ಕಳೆದುಬಿಡುವುದು ರೂಢಿ.
ಪುರ್ಸು ಬಲ್ಬು ಬದಲಿಸುತ್ತಿದ್ದ,
ಹಳೆಯದು ರಾತ್ರಿಯೇ ಹೋಗಿತ್ತಂತೆ,
ಡಬ್ಬಿಯಲ್ಲಿ ಉಪ್ಪು ಹೆಂಟೆಗಟ್ಟಿತ್ತು.

ವರಾಂಡಕ್ಕೆ ಬಂದು ಹಳಿಯಾಳಕ್ಕೆ ಫೋನು ಹಚ್ಚಿದೆ.
ಬಹಳ ಹೊತ್ತು ರಿಂಗಾಯಿತು.
ಆಗಲಿ.